ಕೋಚ್ ಗಿಲ್ಲರಿ ಹುಡುಕಿದ ಚಾಡಿಕೋರ

ಅಮೆರಿಕನ್ ಫುಟ್‌ಬಾಲಿನ ವೃತ್ತಿ ತಂಡಗಳು ಹೊಸ ಆಟಗಾರರನ್ನು ಸುತ್ತು ಸುತ್ತಾಗಿ ಆರಿಸಿಕೊಳ್ಳುವ ಡ್ರಾಫ್ಟಿಗೆ ಇನ್ನೆರಡೇ ದಿನ ಉಳಿದಿದ್ದ ಮಂಗಳವಾರ ಮಧ್ಯಾಹ್ನ, ಲಾಶಪೆಲ್ ಊರಿನ ಕ್ಷೌರದಂಗಡಿಯಲ್ಲಿ ಎನೋಸ್ ಗಿಲ್ಲರಿ ತಲೆಯ ಮೇಲಿನ ಟೋಪಿ ತೆಗೆದು ಟೀವಿಗೆ ಬೀಸಿ ಹೊಡೆದ. ಅರ್ಧ ಗಲ್ಲಕ್ಕೆ ನೊರೆ ಬಳಿಸಿಕೊಂಡಿದ್ದವನು ಹಾಗೇ ಕುರ್ಚಿಯಿಂದ ಎದ್ದುಬಿಟ್ಟಿದ್ದ. ಕುತ್ತಿಗೆಗೆ ಕಟ್ಟಿದ ಬಿಳಿ ಬಟ್ಟೆ ಮೊಣಕಾಲ ತನಕ ಇಳಿಬಿದ್ದು, ಶಾಪ ಹಾಕಲು ನಿಂತ ಪಾದ್ರಿಯಂತೆ ಕಾಣುತ್ತಿದ್ದ.

"ಕೋಚ್, ಆ ಟೀವಿ ನಂದು," ಅಂದ ಕ್ಷೌರಿಕ ಪರ್ನೆಲ್, ಕತ್ತಿಯನ್ನು ಗಾಳಿಯಲ್ಲೇ ಹಿಡಿದುಕೊಂಡು. "ಅದರೊಳಗಿರೋನು ನನಗೆ ಬೇಕಾದೋನಲ್ಲ. ಆದ್ರೆ ಟೀವಿ ನಂದು."

ಅದರೊಳಗೆ ಇದ್ದವನು ಗಿಳಿಹಸಿರು ಟೈ ಕಟ್ಟಿದ ಒಬ್ಬ ಪಂಡಿತ. ಜನ್ಮದಲ್ಲಿ ಒಂದು ಸಲವೂ ಹಿಮ್ಮುಖವಾಗಿ ಓಡಿದವನಲ್ಲ. ಆದರೂ ಪ್ರತಿ ಜನವರಿಯಿಂದ ಏಪ್ರಿಲ್ ಕೊನೆಯ ತನಕ, ಕಾಲೇಜು ಮುಗಿಸಿದ ಆಟಗಾರರಲ್ಲಿ ಯಾರು ಯಾವ ತಂಡದ ಪಾಲಾಗುತ್ತಾರೆಂದು ಪಟ್ಟಿ ಬರೆಯುವುದೇ ಅವನ ಹೊಟ್ಟೆಪಾಡು. ಆ ದಿನ ಹಿಂಗಾವಲಿನವರ ಸರದಿ. ಎದುರು ತಂಡದವನು ಚೆಂಡು ಹಿಡಿಯಲು ಓಡಿಬರುವಾಗ ಅವನಿಗೆ ಮುಖ ಕೊಟ್ಟು, ತಾವು ಹಿಂದುಹಿಂದಕ್ಕೆ ಓಡುತ್ತ, ಅವನ ಕೈಗೆ ಚೆಂಡು ದಕ್ಕದಂತೆ ನೋಡಿಕೊಳ್ಳುವುದು ಹಿಂಗಾವಲಿನವರ ಕಸುಬು. ಸರಿಯಾಗಿ ಮಾಡಿದರೆ ಯಾರೂ ಗಮನಿಸುವುದಿಲ್ಲ. ಒಮ್ಮೆ ಎಡವಿದರೆ ಎಂಬತ್ತು ಸಾವಿರ ಜನ ಎದ್ದು ನಿಂತು ನೋಡುತ್ತಾರೆ.

"ಟ್ಯಾವಿಯನ್ ಆರ್ಸೆನೋ," ಎಂದು ಪಂಡಿತ ಶುರುಮಾಡಿದ್ದ. "ಜನವರಿಯಲ್ಲಿ ನನ್ನ ಪಟ್ಟಿಯಲ್ಲಿ ಹದಿನೇಳನೆಯವನು. ಕಾಲಿನಲ್ಲಿ ವೇಗ ಇದೆ, ಸೊಂಟ ಸಲೀಸಾಗಿ ತಿರುಗುತ್ತೆ. ಆದರೆ ಸ್ವಭಾವದ ಬಗ್ಗೆ ಅನುಮಾನಗಳಿವೆ. ಹುಡುಗನನ್ನು ಹತ್ತಿರದಿಂದ ಬಲ್ಲ ಊರಿನವರೊಬ್ಬರ ಪ್ರಕಾರ, ಹೈಸ್ಕೂಲಿನಲ್ಲಿದ್ದಾಗ ಅಭ್ಯಾಸದ ನಡುವೆಯೇ ಯಾರಿಗೂ ಹೇಳದೆ ಮೈದಾನ ಬಿಟ್ಟು ಹೋಗಿದ್ದನಂತೆ. ಮುಕ್ಕಾಲು ಗಂಟೆ ಬಿಟ್ಟು ಬಂದವನು, ಎಲ್ಲಿಗೆ ಹೋಗಿದ್ದೆ ಅಂದರೂ ಬಾಯಿ ಬಿಡಲಿಲ್ಲವಂತೆ. ಹೇಳಿದ ಮಾತು ಕೇಳದ ಹುಡುಗರನ್ನು ಯಾವ ತಂಡವೂ ಮೊದಲ ಸುತ್ತಿನಲ್ಲಿ ಮುಟ್ಟುವುದಿಲ್ಲ. ನನ್ನ ಲೆಕ್ಕದಲ್ಲಿ ಈಗ ಮೂರನೇ ಸುತ್ತು."

ಟೋಪಿ ಹಾರಿದ್ದು ಆಗ.

"ಊರಿನವರೊಬ್ಬರು!" ಗಿಲ್ಲರಿಯ ಬಾಯಿಂದ ನೊರೆ ಸಿಡಿಯಿತು, ಅರ್ಧ ಸಾಬೂನಿನದು, ಅರ್ಧ ಅವನದೇ. "ಯಾವನಯ್ಯಾ ಅವನು? ಈ ಊರಿನ ಅನ್ನ ತಿಂದು, ಈ ಊರಿನ ಹುಡುಗನ ಕಾಲು ಮುರಿಯೋ ಚಾಡಿಕೋರ?"

"ನನ್ನ ನೋಡ್ಬೇಡಿ. ನನಗ್ಯಾರೂ ಫೋನ್ ಮಾಡಿಲ್ಲ."

"ನಿನಗ್ಯಾರು ಮಾಡ್ತಾರೆ? ನಿನ್ನ ಹೆಂಡ್ತೀನೇ ಮಾಡಲ್ಲ."

ಪರ್ನೆಲ್ ಇದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಗಿಲ್ಲರಿ ಕೋಪದಲ್ಲಿದ್ದಾಗ ಉಳಿದರ್ಧ ಗಲ್ಲ ಕೆರೆಯುವುದು ಕ್ಷೇಮವಲ್ಲವೆಂದು ಕತ್ತಿಯನ್ನು ಮಡಚಿಟ್ಟ, ಅಷ್ಟೆ. ಗಿಲ್ಲರಿ ಅರ್ಧ ಗಡ್ಡದಲ್ಲೇ ಬೀದಿಗಿಳಿದ.

ಹೆಣ್ಣು ಕೊಡುವ ಮುಂಚೆ ಹುಡುಗನ ಊರಿಗೆ ಹೋಗಿ ಅಕ್ಕಪಕ್ಕದವರನ್ನು ವಿಚಾರಿಸುವಂತೆ, ವೃತ್ತಿ ತಂಡದವರೂ ಪ್ರತಿ ವರ್ಷ ಡ್ರಾಫ್ಟಿಗೆ ಮುಂಚೆ ಆಟಗಾರರ ಊರೂರಿಗೆ ಫೋನ್ ಮಾಡುತ್ತಾರೆ. ಪಾದ್ರಿಯನ್ನು ಕೇಳುತ್ತಾರೆ, ಟೀಚರನ್ನು ಕೇಳುತ್ತಾರೆ, ಬಿಟ್ಟುಹೋದ ಗೆಳತಿಯನ್ನೂ ಕೇಳುತ್ತಾರೆ. ಯಾರು ಏನು ಹೇಳಿದರೆಂಬುದು ಹೊರಗೆ ಬರುವುದಿಲ್ಲ. ಹೇಳಿದ್ದು ಮಾತ್ರ ಬರುತ್ತದೆ. ಇದನ್ನು ಗಿಲ್ಲರಿಯಷ್ಟು ಚೆನ್ನಾಗಿ ಬಲ್ಲವರು ಲಾಶಪೆಲ್‌ನಲ್ಲಿ ಇನ್ನೊಬ್ಬರಿರಲಿಲ್ಲ.

ಅವನೂ ಒಂದು ಕಾಲದಲ್ಲಿ ಹಿಂಗಾವಲಿನವನೇ. ಸಾವಿರದ ಒಂಬೈನೂರ ಎಂಬತ್ತೇಳರ ಡ್ರಾಫ್ಟಿನ ಎರಡು ದಿನವೂ ಅಮ್ಮನ ಅಡುಗೆಮನೆಯ ಗೋಡೆಗೆ ತಗುಲಿಹಾಕಿದ್ದ ಫೋನಿನ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದ. ಆಗ ಹನ್ನೆರಡು ಸುತ್ತು. ಹನ್ನೆರಡರಲ್ಲಿ ಒಂದರಲ್ಲೂ ಫೋನ್ ಬಡಿದುಕೊಳ್ಳಲಿಲ್ಲ. "ಆ ಹುಡುಗನ ಎಡ ಮೊಣಕಾಲು ಸರಿಯಿಲ್ಲ" ಎಂದು ಯಾರೋ ಪುಣ್ಯಾತ್ಮರು ತಂಡದವರ ಕಿವಿಗೆ ಹಾಕಿದ್ದರೆಂದು ತಿಳಿದದ್ದು ನಾಲ್ಕು ವರ್ಷದ ಮೇಲೆ. ಮೊಣಕಾಲಿಗೆ ಏನೂ ಆಗಿರಲಿಲ್ಲ. ಈಗಲೂ ಏನೂ ಆಗಿಲ್ಲ. ಯಾರಾದರೂ ಅನುಮಾನದಿಂದ ನೋಡಿದರೆ, ಅರವತ್ತು ವರ್ಷದ ಗಿಲ್ಲರಿ ಅಲ್ಲೇ, ಅಂಗಡಿಯಾಗಲಿ ಅಂತ್ಯಕ್ರಿಯೆಯಾಗಲಿ, ಕೂತು ಎದ್ದು ತೋರಿಸುತ್ತಿದ್ದ.

ಹಾಗೆ ಮನೆಗೆ ಮರಳಿದವನು ಊರಿನ ಸ್ಕೂಲುಗಳ ಹಳದಿ ಬಸ್ಸು ಓಡಿಸಲು ಸೇರಿಕೊಂಡ. ಇಪ್ಪತ್ತೇಳು ವರ್ಷದಿಂದ, ಬಸ್ಸು ನಿಲ್ಲಿಸಿದ ಮೇಲೆ, ಪುಕ್ಕಟೆಯಾಗಿ ಹೈಸ್ಕೂಲಿನ ಹಿಂಗಾವಲಿನ ಹುಡುಗರಿಗೆ ಹಿಂದಕ್ಕೆ ಓಡುವುದನ್ನು ಕಲಿಸುತ್ತಿದ್ದ. "ಅವನ ಮುಖ ನೋಡ್ಬೇಡ್ರೋ! ಸೊಂಟ ನೋಡಿ! ಮುಖದಲ್ಲಿ ನಾಟಕ ಆಡ್ತಾನೆ, ಸೊಂಟದಲ್ಲಿ ಹೇಗೆ ಆಡ್ತಾನೆ?" ಸ್ಕೂಲಿನವರು ಕೊಟ್ಟ ಕತ್ತಿನ ಬಿಲ್ಲೆಯಲ್ಲಿ 'ಸ್ವಯಂಸೇವಕ' ಎಂದಿತ್ತು. ಇಪ್ಪತ್ತೇಳು ವರ್ಷದಲ್ಲಿ ಆ ಬಿಲ್ಲೆಯ ಮುಂಭಾಗವನ್ನು ಕಂಡವರಿಲ್ಲ. ಅದು ಯಾವಾಗಲೂ ಹಿಂದುಮುಂದಾಗಿಯೇ ನೇತಾಡುತ್ತಿತ್ತು. ಸೀಟಿ ಮಾತ್ರ ಚರ್ಚಿನಲ್ಲೂ ಎದೆಯ ಮೇಲಿರುತ್ತಿತ್ತು. ಊರೆಲ್ಲ ಅವನನ್ನು ಕೋಚ್ ಎಂದೇ ಕರೆಯುತ್ತಿತ್ತು. ಹಾಗೆ ಕರೆಯದವರ ಮಕ್ಕಳಿಗೆ ಬಸ್ಸು ಎರಡು ನಿಮಿಷ ಮುಂಚೆಯೇ ಹೊರಟುಬಿಡುತ್ತಿತ್ತು.

ಅವನ ಕೈಯಲ್ಲಿ ಪಳಗಿದವರಲ್ಲಿ ಇಷ್ಟು ದೂರ ಬಂದವನು ಟ್ಯಾವಿಯನ್ ಒಬ್ಬನೇ. ಗುರುವಾರ ಸಂಜೆಯ ಮೊದಲ ಸುತ್ತಿನ ಮೂವತ್ತೆರಡು ಹೆಸರಲ್ಲಿ ತನ್ನ ಹುಡುಗನ ಹೆಸರು ಕೇಳಬೇಕು ಎಂಬುದೊಂದೇ ಅವನ ಆಸೆ. ಎಂಬತ್ತೇಳರ ಆ ಫೋನು ಮೂವತ್ತೆಂಟು ವರ್ಷ ತಡವಾಗಿಯಾದರೂ ಬಡಿದಂತಾಗುತ್ತಿತ್ತು.

ಮೊದಲು ಪಾದ್ರಿಯ ಮನೆ. ಪಾದ್ರಿ ಬೈಬಲ್ ಮುಟ್ಟಿ ಆಣೆ ಮಾಡಿದ. "ನಿಮ್ಮ ಕೈ ಅದರ ಮೇಲೆ ದಿನಾ ಇರುತ್ತೆ, ಅದರಿಂದ ಏನು ಗೊತ್ತಾಗುತ್ತೆ?" ಅಂದು ಗಿಲ್ಲರಿ ಹೊರಟ. ಗಣಿತದ ಟೀಚರು, ತಾನು ಹೇಳಿದ್ದು "ಬೀಜಗಣಿತದಲ್ಲಿ ಸಾಧಾರಣ" ಎಂದು ಮಾತ್ರ ಅಂದಳು. ಅದಕ್ಕೂ ಬೈಸಿಕೊಂಡಳು. ಕೊನೆಗೆ ಸ್ಕೂಲಿನ ಅಡುಗೆಮನೆಗೆ ನುಗ್ಗಿದ.

ಅಲ್ಲಿ ಮಿಸ್ ಒಡೀಲ್, ಟ್ಯಾವಿಯನ್‌ನ ಅಜ್ಜಿ, ಅನ್ನದ ದೊಡ್ಡ ಪಾತ್ರೆಯೊಳಗೆ ಭುಜದವರೆಗೆ ಕೈಯಿಟ್ಟು ತಳ ಉಜ್ಜುತ್ತಿದ್ದಳು. ಎಪ್ಪತ್ತೊಂದು ವರ್ಷ. ಹುಡುಗನನ್ನು ಸಾಕಿದವಳು ಅವಳೇ.

"ಕೇಳಿದ್ರಾ ಮಿಸ್ ಒಡೀಲ್? ಟೀವೀಲಿ ಏನಂದ ಅಂತ ಕೇಳಿದ್ರಾ?"

"ಕೇಳ್ದೆ. ಬಾಗಿಲು ಹಾಕಿ ಕೋಚ್, ನೊಣ ಬರ್ತಾವೆ."

"ಆ ಚಾಡಿಕೋರನ್ನ ಹಿಡೀತೀನಿ. ಬಸ್ಸಿನ ಮುಂದುಗಡೆ ಕಟ್ಟಿ ಊರೆಲ್ಲ ಮೆರವಣಿಗೆ ಮಾಡಿಸ್ತೀನಿ! ಒಬ್ಬ ಬಾಯಿ ಬಡುಕನ ದೆಸೆಯಿಂದ ನನ್ನ ಜೀವನ ಹಾಳಾಯ್ತು. ಇನ್ನೊಬ್ಬ ಬಾಯಿ ಬಡುಕ ಇವನ ಜೀವನಕ್ಕೆ ಕೈ ಹಾಕಿದ್ದಾನೆ. ಯಾರಿಗೆ ಏನು ಗೊತ್ತು ಆ ದಿನದ ವಿಷಯ? ಅವನು ಮೊಂಡ, ಸರಿ. ಆದ್ರೆ ನೊಗಕ್ಕೆ ಕಟ್ಟಿದರೆ ನೇರ ನಡೆಯೋ ಮೊಂಡ. ಇಪ್ಪತ್ತು ಸುತ್ತು ಓಡಿಸ್ದೆ, ಬಗ್ಗಿದ, ಮನುಷ್ಯ ಆದ!"

ಮಿಸ್ ಒಡೀಲ್ ಪಾತ್ರೆಯಿಂದ ಕೈ ಹೊರಗೆ ತೆಗೆದಳು. ಸೆರಗಿಲ್ಲದ ಊರು, ಏಪ್ರನ್ನಿನ ಅಂಚಿಗೆ ಒಂದೊಂದೇ ಬೆರಳು ಒರೆಸಿಕೊಂಡಳು.

"ಈಗಂದ್ಯಲ್ಲ ಎನೋಸ್, ಅದನ್ನೇ ಇನ್ನೊಂದ್ಸಲ ಅನ್ನು."

ಇಪ್ಪತ್ತೇಳು ವರ್ಷದಲ್ಲಿ ಅವಳು ಅವನನ್ನು ಎನೋಸ್ ಎಂದದ್ದು, ನೀನು ಎಂದದ್ದು ಅದೇ ಮೊದಲು.

"ಯಾವುದು?"

"ಇಪ್ಪತ್ತು ಸುತ್ತಿನ ಕಥೆ. ನೀನು ಅದನ್ನ ಕ್ಷೌರದಂಗಡೀಲಿ ಹೇಳ್ತೀಯ, ಚರ್ಚಿನ ಊಟದಲ್ಲಿ ಹೇಳ್ತೀಯ, ಆಟಕ್ಕೆ ಬಂದ ಎದುರು ಊರಿನವರಿಗೂ ಹೇಳ್ತೀಯ. ಆರು ವರ್ಷದಿಂದ ಕೇಳ್ತಿದೀನಿ. ಹುಡುಗ ಎಲ್ಲಿಗೆ ಹೋಗಿದ್ದ ಅನ್ನೋದು ಮಾತ್ರ ಅದರಲ್ಲಿ ಬರೋದೇ ಇಲ್ಲ."

ಗಿಲ್ಲರಿ ಹೋಗಿ, ತೆರೆದೇ ಬಿಟ್ಟಿದ್ದ ಬಾಗಿಲು ಹಾಕಿದ.

"ಆ ದಿನ ನೀನು ಆಟದ ಅವಸರಕ್ಕೆ ಬಸ್ಸಿಗೆ ಬೀಗ ಹಾಕಿ ಮೈದಾನಕ್ಕೆ ಓಡಿದೆ. ಸೆಪ್ಟೆಂಬರ್ ಬಿಸಿಲು. ಕೊನೇ ಸೀಟಲ್ಲಿ ಒಂದನೇ ಕ್ಲಾಸಿನ ಹುಡುಗಿ ನಿದ್ದೆ ಹೋಗಿತ್ತು. ನೀನು ಹಿಂದೆ ತಿರುಗಿ ನೋಡ್ಲಿಲ್ಲ. ಕಿಟಕೀಲಿ ಪುಟ್ಟ ಕೈ ಬಡಿಯೋದು ನನ್ನ ಮೊಮ್ಮಗನಿಗೆ ಕಾಣಿಸ್ತು. ಹಿಂದಿನ ತುರ್ತು ಬಾಗಿಲಿಂದ ಇಳಿಸಿ, ನೀರು ಕುಡಿಸಿ, ಒಂದೂವರೆ ಮೈಲಿ ಹೆಗಲ ಮೇಲೆ ಹೊತ್ತು ಮನೆಗೆ ಬಿಟ್ಟು ಬಂದ. ವಾಪಸ್ ಬಂದು ನಿನ್ನ ಕಿವೀಲಿ ಏನಂದ?"

ಗಿಲ್ಲರಿಗೆ ನೆನಪಿತ್ತು. "'ಬೀಗ ಹಾಕೋ ಮುಂಚೆ ಹಿಂದಿನ ಸೀಟು ನೋಡಿ ಕೋಚ್' ಅಂದ."

"ಅದಕ್ಕೆ ನೀನು ಎಲ್ಲರ ಮುಂದೆ ಇಪ್ಪತ್ತು ಸುತ್ತು ಓಡಿಸಿದೆ."

"ಹೆಡ್ ಕೋಚ್ ನೋಡ್ತಿದ್ರು. ಶಿಕ್ಷೆ ಕೊಡ್ದೆ ಯಾಕೆ ಬಿಟ್ಟೆ ಅಂತ ಕೇಳ್ತಿದ್ರು. ಗೊತ್ತಾಗಿದ್ರೆ ಬಸ್ಸು ಹೋಗ್ತಿತ್ತು, ಮೈದಾನ ಹೋಗ್ತಿತ್ತು..."

"ಗೊತ್ತು. ಆ ಮಗೂನ ತಾಯಿ ನಮ್ಮನೆಗೆ ಕೇಕ್ ತಂದು ಅತ್ಲು. ದೂರು ಕೊಡ್ಬೇಡಿ ಅಂತ ಅವಳ ಕಾಲಿಗೆ ಬಿದ್ದೋನು ಟ್ಯಾವಿಯನ್. 'ಕೋಚ್‌ಗೆ ಇರೋದು ಅದೊಂದೇ' ಅಂದ." ಒಡೀಲ್ ದನಿ ಏರಿಸಲಿಲ್ಲ, ಏರಿಸಿದ್ದರೆ ಗಿಲ್ಲರಿಗೆ ಸ್ವಲ್ಪ ಹಗುರವಾಗುತ್ತಿತ್ತು. "ಈಗ ಲೆಕ್ಕ ಹಾಕು. ಅವನು ಮೈದಾನ ಬಿಟ್ಟಿದ್ದು ಆವತ್ತಿದ್ದ ಹುಡುಗರಿಗೆಲ್ಲ ಗೊತ್ತು. ಆದ್ರೆ ಅವರ್ಯಾರಿಗೂ ದೊಡ್ಡ ತಂಡದೋರು ಫೋನ್ ಮಾಡಿಲ್ಲ. ಈ ಊರಲ್ಲಿ ನನಗೆ ಫೋನ್ ಬಂತು, ನನಗೆ ಬಂತು ಅಂತ ಫೆಬ್ರವರಿಲಿ ಕುಣಿದೋರು ಯಾರು?"

ಫೋನು ಬಂದದ್ದು ನಿಜ. ಬಸ್ ಶೆಡ್ಡಿನಲ್ಲಿ ಚಕ್ರಕ್ಕೆ ಗಾಳಿ ತುಂಬುತ್ತಿದ್ದಾಗ. "ಕೋಚ್ ಗಿಲ್ಲರಿ ಅವರಾ? ಆ ಹುಡುಗನನ್ನ ನಿಮ್ಮಷ್ಟು ಬಲ್ಲವರಿಲ್ಲವಂತೆ," ಅಂದಿತ್ತು ಒಂದು ಮೃದು ದನಿ. ವೆಂಡೆಲ್ ಪ್ರೌಟಿ, ಒಂದು ವೃತ್ತಿ ತಂಡಕ್ಕೆ ಹೊಸ ಆಟಗಾರರನ್ನು ಹುಡುಕಿಕೊಡುವವನು. ದೊಡ್ಡ ತಂಡದವರಿಂದ ಗಿಲ್ಲರಿಗೆ ಬಂದ ಜೀವಮಾನದ ಮೊದಲ ಫೋನು. ಒಂದು ಗಂಟೆ ಹತ್ತು ನಿಮಿಷ ಮಾತಾಡಿದ್ದ. ಬರೀ ಹೊಗಳಿದರೆ ಹಳ್ಳಿಗುಗ್ಗು ಅಂದುಕೊಂಡಾರೆಂದು, ತೂಕದ ಮನುಷ್ಯನಂತೆ ಗಂಟಲು ಸರಿಮಾಡಿಕೊಂಡು, ಒಂದೇ ಒಂದು ದೋಷವನ್ನೂ ಸೇರಿಸಿದ್ದ: ಮೈದಾನ ಬಿಟ್ಟು ಹೋದ ಕಥೆ, ಮೊಂಡುತನ, ಇಪ್ಪತ್ತು ಸುತ್ತು, ತಾನು ಅವನನ್ನು ಮನುಷ್ಯನನ್ನಾಗಿ ಮಾಡಿದ ಬಗೆ. ಹೇಳಿ ಹೇಳಿ ಆ ಕಥೆ ಎಷ್ಟು ನುಣುಪಾಗಿತ್ತೆಂದರೆ, ಬಸ್ಸಿನ ಭಾಗ ಅದರಿಂದ ಯಾವತ್ತೋ ಸವೆದು ಉದುರಿತ್ತು. ಪ್ರೌಟಿ ಇಡೀ ಕಥೆಯಲ್ಲಿ ಗಿಲ್ಲರಿಯ ಭಾಗವನ್ನು ಬಿಟ್ಟು ಉಳಿದದ್ದನ್ನು ಬರೆದುಕೊಂಡಿದ್ದ. ಅಲ್ಲಿಂದ ಅದು ಯಾವ ಬಾಯಿಯಿಂದ ಯಾವ ಕಿವಿಗೆ ಹಾರಿ ಆ ಹಸಿರು ಟೈ ತಲುಪಿತೋ, ದೇವರೇ ಬಲ್ಲ.

"ಹೋಗು," ಅಂದಳು ಒಡೀಲ್. "ಅರ್ಧ ಗಡ್ಡ ಹೊತ್ಕೊಂಡು ಊರೆಲ್ಲ ಸುತ್ತಿದ್ದೀಯ. ಮೊದ್ಲು ಕನ್ನಡಿ ನೋಡ್ಕೋ."

ಅಷ್ಟು ಹೊತ್ತು ಊರಿನ ಮೇಲೆ ತಿರುಗಿದ್ದ ಕೋಪ ಗಿಲ್ಲರಿಯ ಮೇಲೇ ತಿರುಗಿ ಬಿತ್ತು. ಆದರೆ ಕೋಪವೆಂಬುದು ಒಬ್ಬನೇ ಮನುಷ್ಯನ ಮೇಲೆ ಬಹಳ ಹೊತ್ತು ನಿಲ್ಲುವಂಥದ್ದಲ್ಲ, ಅದರಲ್ಲೂ ಆ ಮನುಷ್ಯ ತಾನೇ ಆಗಿದ್ದರೆ. ಬಸ್ಸಿನಲ್ಲಿ ಮಕ್ಕಳನ್ನೆಲ್ಲ ಮನೆಗೆ ಮುಟ್ಟಿಸಿ, ಕೊನೆಯ ಸೀಟಿನ ತನಕ ನಡೆದು ನೋಡಿ, ಅಲ್ಲೇ ಕೂತು ಪ್ರೌಟಿಗೆ ಫೋನ್ ಮಾಡಿದ. ಐದನೇ ಸಲಕ್ಕೆ ಸಿಕ್ಕಿದ. ಗಿಲ್ಲರಿ ಈ ಸಲ ಒಂದು ನಿಮಿಷದಲ್ಲಿ ಹೇಳಿ ಮುಗಿಸಿದ.

"ಬಹಳ ಸಂತೋಷ ಸರ್," ಅಂದ ಪ್ರೌಟಿ, ಅದೇ ಮೃದು ದನಿಯಲ್ಲಿ. "ಆದ್ರೆ ನೋಡಿ, ಈ ವಾರದಲ್ಲಿ ಎಲ್ಲ ಹುಡುಗರ ಮಾವಂದಿರೂ ಚಿಕ್ಕಪ್ಪಂದಿರೂ ಫೋನ್ ಮಾಡ್ತಾರೆ. ನಮ್ಮ ಹುಡುಗ ಬೆಂಕಿಯಿಂದ ಬೆಕ್ಕಿನ ಮರಿ ಉಳಿಸಿದ, ಅಜ್ಜಿಗೆ ರಸ್ತೆ ದಾಟಿಸಿದ ಅಂತಾರೆ. ಇಂಥದ್ದಕ್ಕೆ ಕಾಗದಪತ್ರ ಏನಾದ್ರೂ ಇದೆಯಾ?"

"ಕಾಗದವಾ? ಫೆಬ್ರವರಿಲಿ ನಾನು ಅವನ ಮೇಲೆ ಹೇಳಿದಾಗ ನೀವು ಕಾಗದ ಕೇಳ್ಲಿಲ್ಲವಲ್ಲ?"

"ಅದು ಬೇರೆ ಸರ್."

"ಹೇಗೆ ಬೇರೆ?" ಗಿಲ್ಲರಿಯ ಕೂಗಿಗೆ ಖಾಲಿ ಬಸ್ಸಿನ ಗಾಜುಗಳು ಝಲ್ಲೆಂದವು. "ಕೆಟ್ಟದ್ದಕ್ಕೆ ನನ್ನಂಥ ಬಸ್ ಡ್ರೈವರ್ ಮಾತು ಸಾಕು, ಒಳ್ಳೇದಕ್ಕೆ ಮೊಹರು ಬೇಕಾ? ಅವನ ಕೈ ಎಷ್ಟುದ್ದ ಅಂತ ಅಳೆದ್ರಿ, ಅಂಗೈ ಅಳೆದ್ರಿ, ನಲವತ್ತು ಗಜಕ್ಕೆ ಎಷ್ಟು ಸೆಕೆಂಡು ಅಂತ ನೂರರ ಒಂದು ಪಾಲಿನ ತನಕ ಅಳೆದ್ರಿ. ಅವನ ಗುಣ ಅಳೆಯೋಕೆ ಮಾತ್ರ ನನ್ನ ನಾಲಿಗೇನೇ ಸಿಕ್ತಾ ನಿಮಗೆ?"

ಪ್ರೌಟಿ ಶುಭಸಂಜೆ ಹೇಳಿ ಇಟ್ಟುಬಿಟ್ಟ.

ಬುಧವಾರ ಬೆಳಿಗ್ಗೆ ಪೂರ್ತಿ ಗಡ್ಡ ಬೋಳಿಸಿಕೊಂಡು ಗಿಲ್ಲರಿ ಪ್ರಿನ್ಸಿಪಾಲರ ಕೋಣೆಗೆ ಹೋದ. ಪ್ರಿನ್ಸಿಪಾಲ್ ಮಿಸೆಸ್ ಫಾಂಟೆನೋ ಅವನ ಬಸ್ಸಿನಲ್ಲೇ ಓಡಾಡಿ ಓದಿದವಳು. ಬಸ್ಸಿನ ಆ ದಿನದ ವಿಷಯವನ್ನೆಲ್ಲ ಬರೆದು ಅವನು ಮುಂದಿಟ್ಟ ಹಾಳೆಯನ್ನು ಓದಿ ಕನ್ನಡಕ ತೆಗೆದಳು.

"ಕೋಚ್, ಇದನ್ನ ನಾನು ಓದಿಲ್ಲ ಅಂದ್ಕೊಳ್ಳಿ. ವಾಪಸ್ ತಗೊಳ್ಳಿ."

"ಓದು. ಓದಿ ಮೊಹರು ಹಾಕು."

"ಮೊಹರು ಹಾಕಿದ ಮೇಲೆ ಇದು ದಾಖಲೆ. ನಾನು ಮೇಲಕ್ಕೆ ಕಳಿಸ್ಲೇಬೇಕು. ಮಗೂನ ಬಿಸಿಲಲ್ಲಿ ಬಸ್ಸೊಳಗೆ ಬಿಟ್ಟೋರನ್ನ ಒಂದು ದಿನ ಕೂಡ ಇಟ್ಕೊಳ್ಳೋ ಹಾಗಿಲ್ಲ. ಮೈದಾನಕ್ಕೂ ಬರೋ ಹಾಗಿಲ್ಲ. ಆರು ವರ್ಷ ಆಗಿದ್ರೂ ಅಷ್ಟೇ."

"ಇಟ್ಕೊಳ್ಳಬಾರದು ಕೂಡ! ಇಟ್ಕೊಂಡ್ರೆ ನಿನ್ನ ಮೇಲೆ ನಾನೇ ದೂರು ಕೊಡ್ತೀನಿ. ಹಾಕು ಮೊಹರು!"

ಕೋಪದಲ್ಲಿ ರಾಜೀನಾಮೆ ಕೊಟ್ಟವರನ್ನು ಅವಳು ಕಂಡಿದ್ದಳು. ತನ್ನನ್ನು ವಜಾ ಮಾಡಿಲ್ಲವೆಂದು ಮೇಜು ಗುದ್ದುವವನನ್ನು ಕಂಡಿರಲಿಲ್ಲ. ಮೊಹರು ಬಿತ್ತು. ಗಿಲ್ಲರಿ ಬಸ್ಸಿನ ಕೀಲಿಕೈ ಇಟ್ಟ, ಬಿಲ್ಲೆ ಇಟ್ಟ. ಬಿಲ್ಲೆ ಮೇಜಿನ ಮೇಲೆ ಬಿದ್ದದ್ದು ಮುಂಭಾಗ ಮೇಲಾಗಿ. ಸೀಟಿ ತೆಗೆಯಲು ಕೈ ಕುತ್ತಿಗೆಗೆ ಹೋದಾಗ, "ಅದು ನಿಮ್ಮದೇ ಕೋಚ್, ಸ್ಕೂಲಿಂದಲ್ಲ," ಅಂದಳು ಫಾಂಟೆನೋ. ಕಾಗದದ ಪ್ರತಿಯನ್ನು ಪ್ರೌಟಿಗೂ, ಟ್ಯಾವಿಯನ್‌ನನ್ನು ಮಾತಾಡಿಸಿದ್ದ ಉಳಿದ ತಂಡಗಳಿಗೂ ಅವಳೇ ತನ್ನ ಕಂಪ್ಯೂಟರಿನಿಂದ ಕಳಿಸಿದಳು.

ಗುರುವಾರ ಸಂಜೆ ಒಡೀಲ್‌ಳ ಹಿತ್ತಲಲ್ಲಿ ಶಾಮಿಯಾನ, ಟೀವಿ, ಅರ್ಧ ಊರು. ಗಿಲ್ಲರಿ ಮನೆಯಲ್ಲೇ ಕೂತು ನೋಡಿದ. ಮೂವತ್ತೆರಡು ಹೆಸರು ಬಂದವು. ಅವುಗಳಲ್ಲಿ ಐವರು ಹಿಂಗಾವಲಿನವರು. ಟ್ಯಾವಿಯನ್ ಇಲ್ಲ. ಹೆಸರು ಬಂದ ಐವರಲ್ಲಿ ಮೂರನೆಯವನಿಗೆ ಹಿಂದಕ್ಕೆ ಓಡುವಾಗ ಕಾಲು ತೊಡಕುತ್ತದೆಂದು ಗಿಲ್ಲರಿ ಗೋಡೆಗೆ ಹೇಳಿದ. ಗೋಡೆ ಒಪ್ಪಿತು.

ಶುಕ್ರವಾರ ಸಂಜೆ ಐದಕ್ಕೆ ಮನೆ ಬಾಗಿಲು ತಟ್ಟಿದವನು ಟ್ಯಾವಿಯನ್ನೇ. ಬಾಗಿಲಿನ ತುಂಬ ನಿಂತಿದ್ದ.

"ಅಜ್ಜಿ ಕರೀತಿದ್ದಾಳೆ. ಸಿಗಡಿ ಬೇಯಿಸೋಕೆ ಜನ ಇಲ್ಲ."

"ಊರೆಲ್ಲ ಇದೆಯಲ್ಲ."

"ಊರು ತಿನ್ನೋಕಿದೆ. ಬನ್ನಿ." ಎರಡು ಹೆಜ್ಜೆ ನಡೆದು ನಿಂತ. "ಕೋಚ್, ಅದು ನೀವೇ ಅಂತ ನನಗೆ ಮಾರ್ಚಲ್ಲೇ ಗೊತ್ತಿತ್ತು. ಹನ್ನೊಂದು ತಂಡದೋರು ಅದನ್ನೇ ಕೇಳಿದ್ರು. 'ಮೊಂಡ, ಆದ್ರೆ ನೊಗಕ್ಕೆ ಕಟ್ಟಿದ್ರೆ ನೇರ ನಡೀತಾನಂತೆ' ಅಂತ ಒಬ್ಬ ಓದಿಯೂ ಹೇಳಿದ. ಈ ಊರಲ್ಲಿ ಹಾಗೆ ಮಾತಾಡೋರು ಇನ್ಯಾರಿದ್ದಾರೆ?"

"ನೀನೇನಂದೆ?"

"ಹೋಗಿದ್ದು ನಿಜ ಅಂದೆ. ಯಾಕೆ ಅಂದ್ರು. ಅದನ್ನ ಹೇಳೋದು ನನ್ನ ಕೆಲಸ ಅಲ್ಲ ಅಂದೆ."

"ಹೇಳ್ಬೇಕಿತ್ತು ಕಣೋ ಪೆದ್ದ!"

"ನೀವು ಹೇಳ್ಬೇಕಿತ್ತು." ಟ್ಯಾವಿಯನ್ ಅವನತ್ತ ಪೂರ್ತಿ ತಿರುಗಿದ. "ನನಗೆ ಕೋಪ ಬಂದಿಲ್ಲ ಅಂದ್ಕೋಬೇಡಿ. ನಿನ್ನೆ ರಾತ್ರಿ ಒಂದೊಂದು ಹೆಸರಿಗೂ ಬಂದಿದೆ. ನಿಮ್ಮ ಕಾಗದ ಓದಿದೀನಿ, ಆದ್ರೂ ಕೋಪ ಹೋಗಿಲ್ಲ. ಇನ್ನೂ ಸ್ವಲ್ಪ ದಿನ ಇರುತ್ತೆ. ಆದ್ರೆ ಸಿಗಡಿ ನೀವೇ ಬೇಯಿಸ್ಬೇಕು. ಕಳೆದ ಸಲ ಪರ್ನೆಲ್ ಬೇಯಿಸಿದ್ದು ರಬ್ಬರ್ ಆಗಿತ್ತು."

ಹಿತ್ತಲಿನ ಮೂಲೆಯಲ್ಲಿ, ಟೀವಿಗೆ ಬೆನ್ನು ಹಾಕಿ, ಗಿಲ್ಲರಿ ಹಂಡೆಯ ಮುಂದೆ ನಿಂತ. ಖಾರದ ಹಬೆ ಕಣ್ಣಿಗೆ ಹೊಡೆಯುತ್ತಿತ್ತು. ಕಣ್ಣೊರೆಸಿಕೊಳ್ಳಲು ಅದೊಂದು ಅನುಕೂಲ. ಎರಡನೇ ಸುತ್ತು ಶುರುವಾಗಿ ಒಂಬತ್ತು ಹೆಸರು ಮುಗಿದಿತ್ತು. ಮೇಜಿನ ಮೇಲಿದ್ದ ಫೋನು ಬಡಿದುಕೊಂಡಿತು. ಶಾಮಿಯಾನದಡಿ ಯಾರೋ ಟೀವಿಯ ಸದ್ದು ಕಡಿಮೆ ಮಾಡಿದರು. ಟ್ಯಾವಿಯನ್ "ಹೌದು ಸರ್" ಎಂದು ಮೂರು ಸಲ ಅಂದ, ಆಮೇಲೆ ಒಂದು ಸಲ ನಕ್ಕ. ಉತ್ತರದ ತುದಿಯ, ಅಕ್ಟೋಬರಿನಲ್ಲೇ ಹಿಮ ಬೀಳುವ ಊರಿನ ತಂಡ. ಪ್ರೌಟಿಯ ತಂಡವಲ್ಲ. ಒಟ್ಟು ಎಣಿಕೆಯಲ್ಲಿ ನಲವತ್ತೆರಡನೆಯವನು.

ಒಡೀಲ್ ಕುರ್ಚಿಯಲ್ಲೇ ಕೂತು ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡಳು. ಊರು ಕೂಗಿತು, ಕಾರುಗಳು ಹಾರನ್ ಬಾರಿಸಿದವು. ಟ್ಯಾವಿಯನ್ ಎಲ್ಲರ ಕೈಯಿಂದ ಬಿಡಿಸಿಕೊಂಡು ಹಂಡೆಯ ಹತ್ತಿರ ಬಂದ.

"ಆ ತಂಡದೋರು ಏನಂದ್ರು?" ಗಿಲ್ಲರಿ ತಿರುಗದೇ ಕೇಳಿದ.

"ನಿಮ್ಮ ಊರಿನ ಸ್ಕೂಲಿಂದ ಒಂದು ಕಾಗದ ಬಂದಿತ್ತು ಅಂದ್ರು. ಆ ಹುಡುಗಿಗೆ ಈಗ ಎಷ್ಟು ವರ್ಷ ಅಂತ ಕೇಳಿದ್ರು. ಹನ್ನೆರಡು, ಕೊಳಲು ನುಡಿಸ್ತಾಳೆ ಅಂದೆ."

ಗಿಲ್ಲರಿ ಸೌಟು ತಿರುಗಿಸಿದ, ತಿರುಗಿಸಿದ, ಕೊನೆಗೆ ಹಂಡೆಯ ಅಂಚಿಗೆ ಬಡಿದ. "ನಲವತ್ತೆರಡು! ನಿನಗಿಂತ ಮುಂಚೆ ಆರು ಜನ ಹಿಂಗಾವಲಿನೋರು! ಇವತ್ತು ಹೋದ ಆ ಆರನೆಯವನು ಎದುರಾಳಿಯ ಮುಖ ನೋಡ್ಕೊಂಡು ಓಡ್ತಾನೆ ಕಣೋ, ಮುಖ! ಆ ತಂಡದೋರಿಗೆ ಕಣ್ಣಿಲ್ವಾ?"

"ಕೋಚ್, ಸಿಗಡಿ ಉಕ್ಕುತ್ತಿದೆ."

ಸೋಮವಾರ ಮೂರೂವರೆಗೆ, ಮಕ್ಕಳನ್ನಿಳಿಸಿ ಬಂದ ಹಳದಿ ಬಸ್ಸು ಶೆಡ್ಡಿನ ಬೇಲಿಯ ಒಳಗೆ ನಿಂತಿತು. ಹೊಸ ಡ್ರೈವರ್, ಮಿಷೇಲಾ ಎಂಬ ಮೂವತ್ತರ ಹೆಂಗಸು, ಕೀಲಿಕೈ ತೆಗೆದು ಇಳಿಯುವಷ್ಟರಲ್ಲಿ ಬೇಲಿಯ ಆಚೆಯಿಂದ ಸೀಟಿ ಕೇಳಿಸಿತು, ಕಿವಿ ಕಿತ್ತುಹೋಗುವಂತೆ. ಒಳಗೆ ಬರುವ ಅಪ್ಪಣೆಯಿಲ್ಲದ ಒಬ್ಬ ಮುದುಕ ಸರಿಗೆಗೆ ಬೆರಳು ಸಿಕ್ಕಿಸಿ ನಿಂತಿದ್ದ.

"ಹಿಂದಿನ ಸೀಟು ನೋಡಿದ್ಯಾ?"

"ನೋಡ್ದೆ ಸರ್."

"ಕನ್ನಡೀಲಿ ನೋಡಿದ್ಯಾ, ಎದ್ದು ಹೋಗಿ ನೋಡಿದ್ಯಾ?"

ಮಿಷೇಲಾ ಅವನನ್ನು ಮೇಲಿಂದ ಕೆಳಗೆ ನೋಡಿ, ಮತ್ತೆ ಬಸ್ಸು ಹತ್ತಿದಳು. ಅವಳು ಕೊನೆಯ ಸೀಟಿನ ತನಕ ಹೋಗಿ, ಬಗ್ಗಿ ನೋಡಿ, ಅಲ್ಲಿಂದ ಕೈ ಎತ್ತಿ ತೋರಿಸುವವರೆಗೂ ಗಿಲ್ಲರಿ ಮತ್ತೆ ಬಾಯಿಗಿಟ್ಟುಕೊಂಡ ಸೀಟಿಯನ್ನು ತೆಗೆಯಲಿಲ್ಲ.